ಅಂತೆ ಕಳಚಿದ ಮಾತು

ಈಗ ಯಾರ ಮನೆಯಲ್ಲಿ ನೋಡಿದರೂ ಕಾಫಿಗಿಂತ ಮೊದಲು ಫೋನಿಗೆ ಸುದ್ದಿ ಬಂದು ಕೂತಿರುತ್ತದೆ. ದೇವನಹಳ್ಳಿ ಹತ್ತಿರದ ಆವತಿ ಕಡೆಯ ಗೋಪಾಲಪ್ಪನವರ ಮನೆಯಲ್ಲೂ ಹಾಗೇ. ಬೆಳಗ್ಗೆ ಹಾಲು ಕರೆದು, ಡೇರಿಗೆ ಹಾಕಿ ಬಂದು ಜಗಲಿಯ ಮೇಲೆ ಕೂತರೆಂದರೆ ಮೊದಲು ನೆಂಟರ ಗ್ರೂಪು ತೆರೆಯುವುದು. ಹೂವಿನ ಚಿತ್ರದ ಶುಭೋದಯ, ದೇವರ ಪಟ, ಯಾರದೋ ಮಗುವಿನ ನಾಮಕರಣದ ಫೋಟೊ, ನಡುವೆ ನಾಲ್ಕಾರು ಮನೆಮದ್ದು. ಎಲ್ಲವನ್ನೂ ನೋಡಿ, ಒಂದು ಕೈಮುಗಿಯುವ ಚಿತ್ರ ಒತ್ತಿ, ತೋಟದ ಕಡೆ ಹೊರಡುವರು.

ಗೋಪಾಲಪ್ಪನವರಿಗೆ ಅರವತ್ತು ದಾಟಿದೆ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಕೆಲಸ. ಮನೆಯಲ್ಲಿ ಹೆಂಡತಿ ಮುನಿಲಕ್ಷ್ಮಮ್ಮ, ಎಂಬತ್ತು ದಾಟಿದ ತಾಯಿ ಅಮ್ಮಯಮ್ಮ. ಮಗಳನ್ನು ಹೊಸಕೋಟೆಗೆ ಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗಿ ಐದಾರು ವರ್ಷವಾಗಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆ ನುಂಗಿಕೊಂಡು, ದುಡಿದುಕೊಂಡು ಚೆನ್ನಾಗಿಯೇ ಇದ್ದರು. ಆದರೆ ಆ ಮಾತ್ರೆಯ ಮೇಲೆ ಒಳಗೊಳಗೇ ಒಂದು ಸಿಟ್ಟು. ಎರಡು ಮೂಟೆ ಹೊತ್ತು ನಡೆದ ಆಳು ನಾನು, ಈ ಕಡಲೆಕಾಳಿನಷ್ಟು ಮಾತ್ರೆಗೆ ತಲೆಬಾಗಬೇಕೇ ಎಂದು.

ಒಂದು ದಿನ ಬೆಳಗ್ಗೆ ಭಾವಮೈದ ಜಯಕುಮಾರ್ ಅದೇ ಗ್ರೂಪಿಗೆ ಒಂದು ಧ್ವನಿ ಸಂದೇಶ ಕಳಿಸಿದ. ಇವನು ಮುನಿಲಕ್ಷ್ಮಮ್ಮನ ತಮ್ಮ. ತ್ಯಾಮಗೊಂಡ್ಲಿನಲ್ಲಿ ಮನೆ, ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಭಾವನನ್ನು ಕಂಡರೆ ಬಹಳ ಪ್ರೀತಿ.

ಗೋಪಾಲಪ್ಪ ಫೋನನ್ನು ಕಿವಿಗಿಟ್ಟುಕೊಂಡರು. ಯಾರೋ ಒಬ್ಬ ಮುದುಕಿಯ ದನಿ.

"ಕೇಳ್ರಪ್ಪಾ ಮಕ್ಳಾ. ನಮ್ ಕಾಲ್ದಲ್ಲಿ ಈ ಸಕ್ರೆ ಕಾಯ್ಲೆ ಅನ್ನೋದಿತ್ತಾ? ಇರ್ಲಿಲ್ಲ. ಯಾಕ್ ಹೇಳಿ? ಮನೆಗೊಂದು ಚಕ್ಕೋತದ ಗಿಡ ಇತ್ತು. ಅದ್ರ ಸಿಪ್ಪೆ ಒಣಗ್ಸಿ ಕಷಾಯ ಮಾಡ್ಕೊಂಡು ಕುಡೀರಿ. ಆ ಮಾತ್ರೆ ಗೀತ್ರೆ ತಿಪ್ಪೆಗೆ ಎಸೀರಿ. ಕಾಯ್ಲೆ ಬುಡಸಮೇತ ಹೋಗ್ತದೆ."

ಕೆಳಗೆ ಜಯಕುಮಾರ್ ಬರೆದಿದ್ದ: "ಭಾವ, ಇದು ನೂರಕ್ಕೆ ನೂರು ನಿಜ. ನಮ್ಮ ಫ್ಯಾಕ್ಟರಿಯ ವಸಂತ್ ಅವರ ಅತ್ತೆ ಇದರಿಂದಲೇ ವಾಸಿಯಾದರು."

ಗೋಪಾಲಪ್ಪ ಅದನ್ನು ಮತ್ತೊಮ್ಮೆ ಕೇಳಿದರು. ಮಗದೊಮ್ಮೆ ಕೇಳಿದರು. ಆ ದನಿ ಅವರ ಅಜ್ಜಿ ಮುತ್ಯಾಲಮ್ಮನ ದನಿಯ ಹಾಗೇ ಇತ್ತು. ಮಾತಿನ ಕೊನೆಯನ್ನು ಎಳೆಯುವ ರೀತಿ, "ಮಕ್ಳಾ" ಅನ್ನುವಾಗ ಗಂಟಲಲ್ಲಿ ಆಡುವ ಒಂದು ಸಣ್ಣ ನಗು, ಎಲ್ಲವೂ.

ಕಣ್ಣು ಮುಚ್ಚಿದರೆ ಆ ಹಿತ್ತಲು. ಬಚ್ಚಲ ನೀರು ಹರಿಯುವ ಕಡೆ ತಾತ ಆವಲಪ್ಪ ನೆಟ್ಟ ಚಕ್ಕೋತದ ಗಿಡ. ಬೇಸಿಗೆಯ ಮಧ್ಯಾಹ್ನ ತಾತ ಗಿಡದ ಕೆಳಗೆ ಗೋಣಿತಾಟು ಹಾಸಿ ಕೂರುತ್ತಿದ್ದರು. ಮಗುವಿನ ತಲೆಯಷ್ಟು ದಪ್ಪದ ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು, ಕುಡುಗೋಲಿನ ತುದಿಯಿಂದ ಸಿಪ್ಪೆಯನ್ನು ದಳದಳವಾಗಿ ಸೀಳಿ, ಹೂವಿನ ಹಾಗೆ ಬಿಡಿಸುತ್ತಿದ್ದರು. ಆ ಸಿಪ್ಪೆಯನ್ನು ಗೋಪಾಲನ ತಲೆಗೆ ಟೋಪಿಯಂತೆ ಇಟ್ಟು "ಏನಪ್ಪಾ ಪಟೇಲ, ಕಂದಾಯ ವಸೂಲಾಯ್ತಾ?" ಎನ್ನುವರು. ಗುಲಾಬಿ ಬಣ್ಣದ ತೊಳೆಗೆ ಉಪ್ಪು, ಕಾರದಪುಡಿ. ಒಳಗಿನಿಂದ ಅಜ್ಜಿ ಕೂಗುತ್ತಿದ್ದಳು: "ಸಾಕು ಬಿಡ್ರೋ, ಮಗೀಗೆ ಗಂಟ್ಲು ಕಟ್ಕೊಂಡಾತು!"

ಆಗ ದೇವನಹಳ್ಳಿ ಸುತ್ತ ಮನೆಮನೆಗೂ ಚಕ್ಕೋತದ ಗಿಡವಿತ್ತು. ಈಗ ಆ ಹಿತ್ತಲುಗಳಲ್ಲಿ ಸೈಟಿನ ಕಲ್ಲು ನಿಂತಿವೆ. ಊರಿನಲ್ಲಿ ಉಳಿದಿರುವುದು ನಾಲ್ಕೋ ಐದೋ ಗಿಡ. ಅದರಲ್ಲಿ ಗೋಪಾಲಪ್ಪನವರದೂ ಒಂದು.

ಆ ಮುದುಕಿಯ ದನಿಯಲ್ಲಿ ಇದೆಲ್ಲವೂ ಇತ್ತು. ಹಿತ್ತಲು ನಿಜ, ಗಿಡ ನಿಜ, ತಾತ ನಿಜ, ಅಜ್ಜಿ ನಿಜ. ಇಷ್ಟೆಲ್ಲ ನಿಜವಿರುವಾಗ ಕೊನೆಯ ಆ ಒಂದು ಮಾತು ಸುಳ್ಳಾದೀತು ಎಂದು ಗೋಪಾಲಪ್ಪನವರಿಗೆ ಅನ್ನಿಸಲೇ ಇಲ್ಲ.

ಅವತ್ತೇ ಎರಡು ಹಣ್ಣು ಕೊಯ್ದು, ಸಿಪ್ಪೆ ಹೆಚ್ಚಿ ಮೊರದಲ್ಲಿ ಒಣಹಾಕಿದರು. ಮುನಿಲಕ್ಷ್ಮಮ್ಮ ಬಂದು ನೋಡಿದರು.

"ಇದೇನ್ರೀ ಇದು?"

"ಸಕ್ರೆ ಕಾಯ್ಲೆಗೆ ಔಷ್ದಿ ಕಣೇ. ನಿನ್ ತಮ್ಮನೇ ಕಳ್ಸಿರೋದು."

"ಅವ್ನೇನು ಡಾಕ್ಟ್ರಾ? ಆಸ್ಪತ್ರೆಗೆ ಹೋದಾಗ ಒಂದ್ಮಾತು ಕೇಳ್ಬಿಟ್ಟು ಕುಡೀರಿ."

"ನಮ್ ತಾತ ಯಾವ ಡಾಕ್ಟ್ರನ್ನ ಕೇಳಿದ್ರು? ಗಟ್ಟಿಮುಟ್ಟಾಗಿರ್ಲಿಲ್ವಾ? ಸುಮ್ನಿರೇ ನೀನು."

ಮುನಿಲಕ್ಷ್ಮಮ್ಮ ಒಳಗೆ ನಡೆದರು. ಕಷಾಯ ತಾನೇ, ಕುಡಿದರೆ ಕುಡಿಯಲಿ, ಮಾತ್ರೆಯಂತೂ ಇದ್ದೇ ಇದೆಯಲ್ಲ ಎಂದುಕೊಂಡರು. ಗಂಡ ಮಾತ್ರೆ ಬಿಟ್ಟಿದ್ದು ಅವರಿಗೆ ಗೊತ್ತಿರಲಿಲ್ಲ. ಗೋಪಾಲಪ್ಪ ಹೇಳಲೂ ಇಲ್ಲ. ತಿಂಗಳ ಕೊನೆಗೆ ಪೂರ್ತಿ ವಾಸಿಯಾದ ಮೇಲೆ ಹೇಳಿ, ಎಲ್ಲರ ಬಾಯಿ ಮುಚ್ಚಿಸೋಣ ಎಂಬ ಆಸೆ.

ಮೊದಮೊದಲು ಮೈ ಹಗುರವಾದಂತೆ ಅನ್ನಿಸಿತು. ಕಹಿ ಕಷಾಯ ಗಂಟಲಲ್ಲಿ ಇಳಿಯುವಾಗ ಅಜ್ಜಿಯೇ ಎದುರು ಕೂತು ಕುಡಿಸಿದಂತೆ ಒಂದು ಸಮಾಧಾನ. ಗ್ರೂಪಿನಲ್ಲಿ ಅವರೇ ಬರೆದರು: "ನಾನು ಕುಡಿಯುತ್ತಿದ್ದೇನೆ. ಚೆನ್ನಾಗಿದ್ದೇನೆ." ನೆಂಟರು ಕೈಮುಗಿದರು. ಇಬ್ಬರು ಸಿಪ್ಪೆ ಕೇಳಿಕೊಂಡು ಮನೆಗೇ ಬಂದರು. ಸಂತೋಷದಿಂದ ಕೊಟ್ಟು ಕಳಿಸಿದರು.

ಆಮೇಲೆ ಬಾಯಾರಿಕೆ ಶುರುವಾಯಿತು. ಎಷ್ಟು ನೀರು ಕುಡಿದರೂ ನಾಲಿಗೆ ಒಣಗುವುದು. ಬಿಸಿಲು ಜಾಸ್ತಿ ಅಲ್ಲವೇ ಎಂದುಕೊಂಡರು.

ಒಂದು ಸಂಜೆ ಗೋಪಾಲಪ್ಪ ತೋಟದಿಂದ ಬಂದು, ಹಜಾರ ದಾಟಿ ಅಡುಗೆ ಮನೆಗೆ ಹೋಗಿ ನೀರು ಕುಡಿಯುತ್ತಿದ್ದರು. ಹಿಂದೆಯೇ ಬಂದ ಮುನಿಲಕ್ಷ್ಮಮ್ಮ ನೆಲ ನೋಡಿ ಕಿರುಚಿದರು.

"ಅಯ್ಯೋ, ಯಾರಿಗ್ರೀ ಏಟಾಗಿರೋದು? ಮನೆ ತುಂಬ ರಕ್ತ!"

ಗೋಪಾಲಪ್ಪ ತಿರುಗಿ ನೋಡಿದರು. ಬಾಗಿಲಿಂದ ತಮ್ಮ ಹಿಂದೆಯೇ ಕೆಂಪು ಹೆಜ್ಜೆ ಸಾಲಾಗಿ ಬಂದಿದ್ದವು. ಬಲಗಾಲೆತ್ತಿ ನೋಡಿಕೊಂಡರೆ ಕಿರುಬೆರಳ ಬುಡದಲ್ಲಿ ಆಳವಾಗಿ ಸೀಳಿತ್ತು. ಸೊಪ್ಪು ಕೊಯ್ದ ಮೇಲೆ ಚೂಪಾಗಿ ಉಳಿಯುವ ಹಿಪ್ಪುನೇರಳೆ ಕೂಳೆ ಚುಚ್ಚಿದೆ. ತೋಟದಿಂದ ಮನೆಯವರೆಗೆ ನಡೆದಿದ್ದಾರೆ. ಒಂದಿಷ್ಟೂ ನೋವಾಗಿರಲಿಲ್ಲ.

"ನೋವೇ ಇಲ್ಲ ಕಣೇ. ಸಣ್ಣ ಗಾಯ," ಎಂದು ಅರಿಶಿನ ಮೆತ್ತಿಕೊಂಡರು. ನೋವಿಲ್ಲ ಎಂಬುದೇ ಹೆದರಬೇಕಾದ ಮಾತು ಎಂದು ಅವರಿಗೆ ತಿಳಿಯಲಿಲ್ಲ.

ಗಾಯ ಮಾಯಲಿಲ್ಲ. ಬೆರಳು ಊದಿತು, ಬಣ್ಣ ಕಪ್ಪಾಯಿತು. ಹೆಂಡತಿ ಕೇಳಿದಾಗಲೆಲ್ಲ "ಒಣಗ್ತಾ ಇದೆ" ಎಂದು ಬಟ್ಟೆ ಸುತ್ತಿಕೊಂಡು ಓಡಾಡಿದರು.

ಊರಿನ ಆಶಾ ಕಾರ್ಯಕರ್ತೆ ನವ್ಯಶ್ರೀ ಬಂದದ್ದು ಆಗ. ಅದೇ ಊರಿನ ಹುಡುಗಿ, ಗೋಪಾಲಪ್ಪನವರನ್ನು ದೊಡ್ಡಪ್ಪ ಎಂದೇ ಕರೆಯುವವಳು. ಮನೆಮನೆಗೆ ಬಂದು ಬಿಪಿ, ಸಕ್ಕರೆ ಇರುವವರನ್ನು ವಿಚಾರಿಸಿಕೊಂಡು ಹೋಗುವುದು ಅವಳ ಕೆಲಸ. ಜಗಲಿಯ ಮೇಲೆ ಕೂತವಳಿಗೆ ವಾಸನೆ ಬಡಿಯಿತು.

"ದೊಡ್ಡಪ್ಪ, ಕಾಲಿಗೇನಾಗಿದೆ? ಬಟ್ಟೆ ಬಿಚ್ಚಿ ನೋಡಣ."

"ಏನಿಲ್ಲ ಕಣಮ್ಮ."

"ಏನಿಲ್ದಿದ್ರೆ ಬಿಚ್ಚೋಕೇನು?"

ಬಿಚ್ಚಿದರು. ಬಾಗಿಲಲ್ಲಿ ನಿಂತಿದ್ದ ಮುನಿಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನವ್ಯಶ್ರೀ ಬೈಯಲಿಲ್ಲ. ಮೆಲ್ಲಗೆ ಕೇಳಿದಳು:

"ಮಾತ್ರೆ ತಗೋತಿದೀರಾ?"

ಗೋಪಾಲಪ್ಪ ಬಟ್ಟೆಯನ್ನು ಮತ್ತೆ ಸುತ್ತಿಕೊಳ್ಳತೊಡಗಿದರು. ಮುನಿಲಕ್ಷ್ಮಮ್ಮ ಒಳಗೆ ಹೋಗಿ ಡಬ್ಬಿ ತಂದು ಸುರಿದರು. ಮಾತ್ರೆಯ ಹಾಳೆಗಳು ಒಂದೂ ಒಡೆಯದೆ ಹಾಗೇ ಇದ್ದವು.

"ಬಿಟ್ಬಿಟ್ಟಿದೀರಾ! ನನಗೊಂದ್ ಮಾತೂ ಹೇಳ್ದೆ!"

"ದೊಡ್ಡಮ್ಮ, ಜಗಳ ಆಮೇಲೆ ಆಡಿ," ಎಂದಳು ನವ್ಯಶ್ರೀ. "ಮೊದ್ಲು ಆಸ್ಪತ್ರೆ. ಈಗ್ಲೇ. ಆಟೋಗೆ ಫೋನ್ ಮಾಡ್ತೀನಿ."

"ನಾನು ಬರಲ್ಲ," ಎಂದರು ಗೋಪಾಲಪ್ಪ. "ಆಸ್ಪತ್ರೆಗೋದ್ರೆ ಕಾಲೇ ಕತ್ತರಿಸ್ತಾರೆ. ಇನ್ನೊಂದ್ ವಾರ ಕಷಾಯ ಕುಡುದ್ರೆ ಎಲ್ಲಾ ಸರಿಹೋಗ್ತದೆ. ವಾಸಿಯಾದೋರು ಇದಾರೆ. ಜಯನೇ ಬರ್ದಿದಾನೆ ನೋಡು."

ನವ್ಯಶ್ರೀ ಫೋನು ತಗೊಂಡು ಆ ಧ್ವನಿ ಕೇಳಿದಳು. ಜಯಕುಮಾರ್ ಬರೆದದ್ದನ್ನು ಓದಿದಳು.

"ಸರಿ ದೊಡ್ಡಪ್ಪ. ಆಟೋ ಬರೋಗಂಟ ಒಂದ್ ಕೆಲ್ಸ ಮಾಡಣ. ವಾಸಿಯಾಗಿದ್ದನ್ನ ನೀವು ಕಂಡ್ರಾ, ಕೇಳಿದ್ರಾ?"

"ಕೇಳ್ದೆ. ಜಯ ಕಂಡಿದಾನೆ."

"ಹಂಗಾದ್ರೆ ಅವ್ರನ್ನೇ ಕೇಳಣ." ಅಲ್ಲೇ ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಜಗಲಿಯ ಮೇಲಿಟ್ಟಳು.

ಜಯಕುಮಾರ್ ದನಿ ಬಂತು. "ಹೇಳಿ ಭಾವ."

"ಲೋ ಜಯ, ವಸಂತ್ ಅವರತ್ತೆ ವಾಸಿಯಾದ್ರಲ್ಲ, ನೀನು ನೋಡಿದ್ಯಾ?"

"ನಾನು ನೋಡಿಲ್ಲ ಭಾವ. ವಸಂತ್ ಹೇಳ್ದ. ಇಲ್ಲೇ ಇದಾನೆ, ಕೊಡ್ತೀನಿ ಇರಿ."

ಸ್ವಲ್ಪ ಹೊತ್ತು ಮಿಷನ್ನಿನ ಸದ್ದು. ಆಮೇಲೆ ವಸಂತ್. "ನಮಸ್ಕಾರ ಸಾರ್. ನಮ್ ಅತ್ತೆ ಕಷಾಯ ಕುಡುದ್ರು ಸಾರ್, ಅದು ನಿಜ. ಈಗ ಚೆನ್ನಾಗಿದಾರೆ, ಅದೂ ನಿಜ."

ಗೋಪಾಲಪ್ಪ ನವ್ಯಶ್ರೀಯ ಮುಖ ನೋಡಿದರು, ಈಗೇನಂತೀಯಾ ಎನ್ನುವ ಹಾಗೆ. ನವ್ಯಶ್ರೀ ಫೋನಿನ ಕಡೆ ಬಗ್ಗಿದಳು.

"ಅಣ್ಣಾ, ನಾನು ಆಶಾ ಕಾರ್ಯಕರ್ತೆ. ನಿಮ್ಮತ್ತೆ ಮಾತ್ರೆ ಬಿಟ್ರಾ?"

"ಮಾತ್ರೆನಾ? ಇಲ್ಲಮ್ಮ, ಅದೆಂಗ್ ಬಿಡ್ತಾರೆ? ದಿನಾ ಮಾತ್ರೆ ತಗೋತಾರೆ. ಇನ್ಸುಲಿನ್ನೂ ಚುಚ್ಕೋತಾರೆ. ಕಷಾಯ ನಾಕ್ ದಿನ ಕುಡುದ್ರು, ಕಹಿ ಅಂತ ಬಿಟ್ರು. ಯಾಕೆ, ಏನಾಯ್ತು?"

ನವ್ಯಶ್ರೀ "ಏನಿಲ್ಲಣ್ಣಾ" ಎಂದು ಫೋನು ಇಟ್ಟಳು.

"ಕುಡಿದದ್ದು ನಿಜ, ಚೆನ್ನಾಗಿರೋದೂ ನಿಜ," ಎಂದಳು. "ಕುಡಿದದ್ರಿಂದ್ಲೇ ಚೆನ್ನಾಗಿರೋದು ಅನ್ನೋದನ್ನ ಮಾತ್ರ ನಡುವೆ ಯಾರೋ ಹೊಲಿದಿದಾರೆ ದೊಡ್ಡಪ್ಪ."

ಗೋಪಾಲಪ್ಪನವರಿಗೆ ಆದರೂ ಮನಸ್ಸು ಬರಲಿಲ್ಲ. "ಆ ಮುದುಕಿ ಸುಳ್ಳೇಳ್ತಾಳಾ? ನಮ್ ಅಜ್ಜಿ ಹಂಗೇ ಮಾತಾಡ್ತಾಳಲ್ಲ. ನಮ್ ಕಾಲ್ದಲ್ಲಿ ಈ ಕಾಯ್ಲೆ ಇರ್ಲಿಲ್ಲ ಅನ್ನೋದು ಸುಳ್ಳಾ?"

ಅಂಗಳದ ಬಿಸಿಲಿನಲ್ಲಿ ಅಮ್ಮಯಮ್ಮ ಕೂತಿದ್ದರು. ಕಿವಿ ಮಂದ. ಇಷ್ಟು ಹೊತ್ತು ಏನು ನಡೆಯಿತೆಂದು ಅವರಿಗೆ ತಿಳಿದಿರಲಿಲ್ಲ. ನವ್ಯಶ್ರೀ ಎದ್ದು ಹೋಗಿ ಫೋನನ್ನು ಅವರ ಕಿವಿಗೆ ಹಿಡಿದಳು. "ಅಜ್ಜಿ, ಇದನ್ನ ಸ್ವಲ್ಪ ಕೇಳಿ."

ಅಮ್ಮಯಮ್ಮ ತಲೆ ಬಾಗಿಸಿ ಕೇಳಿದರು. "ಈ ಸಕ್ರೆ ಕಾಯ್ಲೆ ಅನ್ನೋದಿತ್ತಾ?" ಎಂದು ಫೋನಿನ ಮುದುಕಿ ಕೇಳಿದಳು.

"ಸಕ್ರೆ ಕಾಯ್ಲೆ ಅಂದ್ರೆ ಎಂಗಿರ್ತದೆ ಮಗಾ?" ಎಂದು ಅಮ್ಮಯಮ್ಮ ನವ್ಯಶ್ರೀಯನ್ನು ಕೇಳಿದರು. "ಗೋಪಾಲಂಗೆ ಇದೆ ಅಂತಾರೆ. ನಂಗೇನ್ ಗೊತ್ತು."

"ಬಾಯಾರಿಕೆ ಜಾಸ್ತಿ ಅಜ್ಜಿ. ಆಗಾಗ ಒಂದಕ್ಕೆ ಹೋಗ್ಬೇಕಾಗ್ತದೆ. ಮೈ ಇಳಿದೋಗ್ತದೆ. ಕಾಲು ಜೋಮು ಹಿಡೀತದೆ, ಗಾಯ ಆದ್ರೆ ಮಾಯಲ್ಲ."

ಅಮ್ಮಯಮ್ಮ ಕೈ ಊರಿ ಎದ್ದು, ಜಗಲಿಗೆ ಬಂದು, ಮಗನ ಕಾಲನ್ನು ಕಂಡರು. ಅಲ್ಲಿಯೇ ಕುಸಿದು ಕೂತರು.

"ಇದೇ ಕಾಲು," ಎಂದರು. "ನಮ್ ಮಾವಂಗೂ ಇದೇ ಕಾಲು. ಕೊಡಗಟ್ಲೆ ನೀರು ಕುಡಿಯೋರು. ಒಂದಕ್ಕೆ ಹೋದ ಕಡೆ ಇರುವೆ ಮುತ್ಕೊಳ್ಳೋವು. ಆನೆಯಂಗಿದ್ದ ಮನುಷ್ಯ ಕಡ್ಡಿ ಆಗೋದ್ರು. ಕಾಲಲ್ಲಿ ಒಂದು ಮುಳ್ಳು ನೆಟ್ಟಿದ್ದೇ ನೆಪ. ದಿನಾ ನಾನೇ ತೊಳೀತಿದ್ದೆ. ಮಂಡಿಗಂಟ ಕಪ್ಪಾಯ್ತು. ಇದೇ ವಾಸ್ನೆ ಕಣೋ ಗೋಪಾಲ."

"ತಾತಂಗಾ?" ಗೋಪಾಲಪ್ಪ ತಾಯಿಯ ಕಡೆ ತಿರುಗಿದರು. "ನಂಗ್ಯಾರೂ ಹೇಳ್ಲೇ ಇಲ್ವಲ್ಲಮ್ಮ."

"ನೀನಿನ್ನೂ ಸಣ್ಣ ಹುಡ್ಗ. ಒಳಗೆ ಬಿಡ್ತಿರ್ಲಿಲ್ಲ. ಕಾಯ್ಲೆಗೆ ಹೆಸ್ರು ಎಲ್ಲಿತ್ತಪ್ಪ ಆಗ? ಆ ಚಕ್ಕೋತದ ಗಿಡ ನೆಟ್ಟೋರೇ ಅವ್ರು. ಹಣ್ಣಿಗೇನು ಬರ ಇತ್ತಾ?" ಎಂದು ಫೋನಿನ ಕಡೆ ಕೈ ತೋರಿಸಿದರು. "ಇತ್ತು ಕಣಮ್ಮಾ ತಾಯಿ. ನಮ್ ಕಾಲ್ದಲ್ಲೂ ಇತ್ತು."

ಆಟೋ ಬಂತು. ಗೋಪಾಲಪ್ಪ ತಾವೇ ಎದ್ದು ಹತ್ತಿದರು.

ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಿದ ನರ್ಸಮ್ಮ, ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಮ್ಮೆ ಚುಚ್ಚಿ ನೋಡಿದರು. ಯಂತ್ರ ಸರಿಯಾಗಿಯೇ ಇತ್ತು. ಅಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸಿದರು. ಕಾಲು ಉಳಿಯಿತು. ಕಿರುಬೆರಳು ಉಳಿಯಲಿಲ್ಲ. "ಇನ್ನೂ ಸ್ವಲ್ಪ ತಡ ಮಾಡಿದ್ದರೆ ಪಾದಾನೇ ಹೋಗ್ತಿತ್ತು," ಎಂದರು ಡಾಕ್ಟರು.

ಗೋಪಾಲಪ್ಪ ಹೊರಡುವಾಗ ಅಳುಕುತ್ತ ಕೇಳಿದರು. "ಸಾರ್, ಚಕ್ಕೋತ ಇನ್ನು ತಿನ್ನಲೇಬಾರ್ದಾ?"

ಡಾಕ್ಟರು ನಕ್ಕರು. "ಒಳ್ಳೆ ಹಣ್ಣು ಯಜಮಾನ್ರೇ. ಆದ್ರೆ ಕೆಲವು ಮಾತ್ರೆ ಜೊತೆಗೆ ಅದು ಆಗಿಬರಲ್ಲ. ನಿಮ್ ಮಾತ್ರೆಗಳನ್ನೆಲ್ಲ ತಂದು ತೋರ್ಸಿ, ನೋಡಿ ಹೇಳ್ತೀನಿ. ತಿಂದ್ರೂ ಹಣ್ಣು ಅಂತ ತಿನ್ನಿ, ಮಾತ್ರೆ ಬದ್ಲು ಅಂತ ತಿನ್ಬೇಡಿ."

ಮನೆಗೆ ಬಂದ ಮಾರನೇ ದಿನವೇ ಜಯಕುಮಾರ್ ಬಂದ. ಭಾವನ ಕಟ್ಟು ಹಾಕಿದ ಕಾಲು ನೋಡಿ ಮಗುವಿನ ಹಾಗೆ ಅತ್ತುಬಿಟ್ಟ. ಮುನಿಲಕ್ಷ್ಮಮ್ಮ ಅವನಿಗೆ ನೀರು ಕೊಡಲೂ ಏಳಲಿಲ್ಲ.

"ಬಿಡೋ," ಎಂದರು ಗೋಪಾಲಪ್ಪ. "ನೀನು ನಂಗೆ ಒಳ್ಳೇದಾಗ್ಲಿ ಅಂತ್ಲೇ ಕಳ್ಸಿದ್ದು. ನಾನೇನು ಕಮ್ಮಿನಾ? ನಾನೂ ಇಬ್ರಿಗೆ ಸಿಪ್ಪೆ ಕೊಟ್ಟು ಕಳ್ಸಿದೀನಿ."

ಅಮ್ಮಯಮ್ಮ ಜಯಕುಮಾರನನ್ನು ಹತ್ತಿರ ಕೂರಿಸಿಕೊಂಡರು. "ಆ ಫ್ಯಾಕ್ಟ್ರಿ ಹುಡ್ಗ ನಿಂಗೆ ಏನಂತ ಹೇಳ್ದ? ಇದ್ದದ್ದು ಇದ್ದಂಗೆ ಹೇಳು."

"ಅತ್ತೆ ಕಷಾಯ ಕುಡಿದ್ರು, ಈಗ ಚೆನ್ನಾಗಿದಾರೆ ಅಂದ. ಅದರಿಂದ್ಲೇನಾ ಅಂತ ಕೇಳ್ದೆ. ಇರ್ಬೇಕು, ತುಂಬ ಜನಕ್ಕೆ ವಾಸಿಯಾಗಿದೆಯಂತೆ ಅಂದ."

"ನೀನು ಏನಂತ ಬರ್ದೆ?"

"ಇದರಿಂದ್ಲೇ ವಾಸಿಯಾದ್ರು ಅಂತ."

"ಅಂತೆ ಎಲ್ಲೋಯ್ತು?"

ಜಯಕುಮಾರ್ ತಲೆ ತಗ್ಗಿಸಿದ. "ಅಂತೆ ಅಂತ ಬರೆದ್ರೆ ಭಾವ ನಂಬಲ್ಲ ಅಂತ ತೆಗ್ದ್‌ಬಿಟ್ಟೆ ಅಮ್ಮ."

ಅಷ್ಟು ಸಣ್ಣ ಮಾತು ಅದು. ಬಾಯಲ್ಲಿ ಇದ್ದರೂ ಗೊತ್ತಾಗುವುದಿಲ್ಲ, ಬಿದ್ದುಹೋದರೂ ಗೊತ್ತಾಗುವುದಿಲ್ಲ. ಬಂತಂತೆ, ಹೋಯಿತಂತೆ, ಸತ್ತನಂತೆ. ನಾನು ಕಂಡಿಲ್ಲ, ಕೇಳಿದ್ದೇನೆ ಎಂದು ಹೇಳಲು ನಮ್ಮ ಭಾಷೆ ಕೊಟ್ಟ ಒಂದು ಗುರುತು. ಅದನ್ನು ಕಳಚಿದರೆ ಕೇಳಿದ್ದು ಕಂಡದ್ದಾಗುತ್ತದೆ.

"ನಿಮ್ ಕಾಲ್ದೋರು ಇಂಥ ತಪ್ಪು ಮಾಡ್ತಿರ್ಲಿಲ್ಲ ಅಮ್ಮ," ಎಂದ ಜಯಕುಮಾರ್.

ಅಮ್ಮಯಮ್ಮ ತಲೆಯಾಡಿಸಿದರು. ಅವರ ಕಣ್ಣು ಗೋಡೆಯಾಚೆಯ ಪಕ್ಕದ ಮನೆಯ ಕಡೆ ಹೋಯಿತು.

"ಮಾಡಿದೀವಪ್ಪ," ಎಂದರು. "ನಮ್ ಮಾವನ ಕಾಲು ಕಪ್ಪಾದಾಗ ಯಾರೋ ಬಂದು ಹೇಳಿದ್ರು. ಪಕ್ಕದ್ ಮನೆಯೋರು ಬದುವಿನ ಜಗಳಕ್ಕೆ ಮಾಟ ಮಾಡ್ಸಿದಾರಂತೆ ಅಂತ. ಮಾವ ಸಾಯೋಷ್ಟ್ರಲ್ಲಿ ಮಾಡ್ಸಿದಾರೆ ಅಂತ ಆಗೋಯ್ತು. ಅಂತೆ ಅವತ್ತೂ ಬಿದ್ದೋಯ್ತು. ಅವತ್ತಿಂದ ಅವ್ರ ಮನೆ ನೀರು ಮುಟ್ಟಿಲ್ಲ ನಾವು."

ಪಕ್ಕದ ಮನೆಯ ಚಿನ್ನಸ್ವಾಮಿ ಗೋಪಾಲಪ್ಪನವರ ಓರಗೆಯವರು. ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಬಾವಿಯಲ್ಲಿ ಈಜು ಕಲಿತವರು. ಒಂದು ದಿನ ಇದ್ದಕ್ಕಿದ್ದಂತೆ "ಅವನ ಜೊತೆ ಸೇರಬೇಡ" ಎಂದು ಮನೆಯಲ್ಲಿ ಹೇಳಿದರು. ಯಾಕೆ ಎಂದು ಕೇಳುವ ವಯಸ್ಸಲ್ಲ. ಆಮೇಲೆ ಅದೇ ರೂಢಿಯಾಯಿತು. ಐವತ್ತು ವರ್ಷಕ್ಕೂ ಮೇಲಾಯಿತು. ದಾರಿಯಲ್ಲಿ ಎದುರಾದರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು.

"ನವ್ಯಾ," ಎಂದರು ಅಮ್ಮಯಮ್ಮ, ಗಾಯ ನೋಡಲು ಬಂದಿದ್ದ ನವ್ಯಶ್ರೀಯನ್ನು ಕರೆದು. "ನಮ್ ಮಾವಂಗೆ ಇದ್ದದ್ದು ಸಕ್ರೆ ಕಾಯ್ಲೆನೇ ಅಲ್ವಾ? ಖಂಡಿತ ತಾನೇ?"

ನವ್ಯಶ್ರೀ ಯೋಚಿಸಿದಳು. "ಖಂಡಿತ ಅಂತ ಹೆಂಗ್ ಹೇಳ್ಲಿ ಅಜ್ಜಿ? ಅವ್ರ ರಕ್ತ ಯಾರೂ ಪರೀಕ್ಷೆ ಮಾಡಿಲ್ಲ. ನೀವು ಹೇಳೋ ಲಕ್ಷಣ ನೋಡಿದ್ರೆ ಅದೇ ಇರ್ಬೇಕು."

"ಇರ್ಬೇಕು," ಎಂದು ಅಮ್ಮಯಮ್ಮ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ನೋಡಿದರು. "ಸರಿ. ಅಷ್ಟೇ ಹೇಳ್ತೀನಿ. ಗೋಪಾಲ, ನಡಿ."

ಮಗ ಕೋಲೂರಿಕೊಂಡು, ತಾಯಿ ಮಗನ ಭುಜ ಹಿಡಿದುಕೊಂಡು, ಪಕ್ಕದ ಮನೆಯ ಮೆಟ್ಟಿಲು ಹತ್ತಿದರು. ಅವರೆಕಾಯಿ ಸುಲಿಯುತ್ತ ಕೂತಿದ್ದ ಚಿನ್ನಸ್ವಾಮಿ ಇಬ್ಬರನ್ನೂ ಕಂಡು ಎದ್ದು ನಿಂತರು. ಕಾಯಿ ನೆಲಕ್ಕೆ ಚೆಲ್ಲಿತು.

"ಚಿನ್ನಸ್ವಾಮಿ," ಎಂದರು ಅಮ್ಮಯಮ್ಮ. "ನಿಮ್ಮಪ್ಪ ನಮ್ ಮಾವಂಗೆ ಮಾಟ ಮಾಡ್ಸಿದ್ರು ಅಂತ ಊರೆಲ್ಲ ಹೇಳ್ಕೊಂಡ್ ಬಂದ್ವಿ. ಅದನ್ನ ನಾವು ಯಾರೂ ಕಂಡಿರ್ಲಿಲ್ಲಪ್ಪ. ಯಾರೋ ಅಂದ್ರು, ನಾವು ಕಂಡೋರ್ ತರ ಹೇಳಿದ್ವಿ. ನಮ್ ಮಾವಂಗೆ ಸಕ್ರೆ ಕಾಯ್ಲೆ ಇದ್ದಿರ್ಬೇಕು. ನಿಮ್ಮಪ್ಪನ ಮುಂದೆ ಹೇಳೋ ಯೋಗ ಇಲ್ಲ ನಂಗೆ. ನಿಂಗೆ ಹೇಳ್ತಿದೀನಿ. ತಪ್ಪಾಯ್ತು."

ಚಿನ್ನಸ್ವಾಮಿ ಚೆಲ್ಲಿದ ಕಾಯಿ ದಾಟಿ ಹತ್ತಿರ ಬಂದರು.

"ನಮ್ಮಪ್ಪ ಸಾಯೋ ದಿನಾನೂ ಅದನ್ನೇ ಅಂತಿದ್ದ ಅಮ್ಮ. ನಾನು ಮಾಡ್ಸಿಲ್ಲ ಕಣೋ, ಅವ್ರ ಮನೆಗೆ ಹೋಗಿ ಹೇಳೋ ಅಂತ. ನಾನು ಬರ್ಲಿಲ್ಲ. ಬಂದ್ರೆ ಒಳಗೆ ಬಿಡ್ತಿದ್ರಾ ನೀವು?"

"ಇಲ್ಲ," ಎಂದರು ಅಮ್ಮಯಮ್ಮ. "ಬಿಡ್ತಿರ್ಲಿಲ್ಲ."

ಚಿನ್ನಸ್ವಾಮಿ ಕಣ್ಣೊರೆಸಿಕೊಂಡರು. ಚಾಪೆ ಹಾಸಿದರು. ಒಳಗೆ ಮುಖ ಮಾಡಿ ಕೂಗಿದರು: "ಮೂರು ಲೋಟ ಕಾಫಿ ಮಾಡಮ್ಮ."

"ನಂಗೆ ಸಕ್ರೆ ಹಾಕ್ಬೇಡ ಕಣೋ," ಎಂದರು ಗೋಪಾಲಪ್ಪ.

ಚಿಕ್ಕಂದಿನ ಆ "ಕಣೋ" ಬಾಯಿಂದ ತಾನಾಗಿ ಬಂದುಬಿಟ್ಟಿತ್ತು. ಚಿನ್ನಸ್ವಾಮಿ ಅದನ್ನು ಕೇಳಿಸಿಕೊಂಡು, ತಿರುಗಿ ನೋಡಿ, ನಕ್ಕರು.

ಅವತ್ತು ಸಂಜೆ ಗೋಪಾಲಪ್ಪ ನೆಂಟರ ಗ್ರೂಪಿಗೆ ತಮ್ಮದೇ ದನಿಯಲ್ಲಿ ಹೇಳಿ ಕಳಿಸಿದರು. "ನಾನು ಗೋಪಾಲಪ್ಪ ಮಾತಾಡ್ತಿರೋದು. ಕಷಾಯ ಕುಡಿದು ಚೆನ್ನಾಗಿದೀನಿ ಅಂತ ಬರ್ದಿದ್ದೆ. ಅದು ತಪ್ಪು. ಮಾತ್ರೆ ಬಿಟ್ಟೆ, ಬೆರಳು ಹೋಯ್ತು. ಇದು ಅಂತೆ ಅಲ್ಲ, ಕಂಡದ್ದು. ಯಾರೂ ಮಾತ್ರೆ ಬಿಡ್ಬೇಡಿ." ಸಿಪ್ಪೆ ಒಯ್ದಿದ್ದ ಆ ಇಬ್ಬರ ಮನೆಗೆ ಜಯಕುಮಾರನ ಸ್ಕೂಟರಿನಲ್ಲಿ ತಾವೇ ಹೋಗಿ ಬಂದರು. ಒಬ್ಬರು ಮಾತ್ರೆ ಬಿಡುವವರಿದ್ದರು. ಬಿಡಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸಕ್ಕರೆ, ಬಿಪಿ ಇರುವವರು ಇದ್ದಾರು. ಯಾರ ದನಿ ಎಷ್ಟೇ ಹಿತವಾಗಿರಲಿ, ಅದನ್ನು ಕೇಳಿ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಲಗುವ ಮುಂಚೆ ನಿಮ್ಮ ಪಾದವನ್ನು ನೀವೇ ಒಮ್ಮೆ ನೋಡಿಕೊಳ್ಳಿ. ನೋವಿಲ್ಲದ ಗಾಯವನ್ನು ಸಣ್ಣದೆನ್ನಬೇಡಿ.

ಫೋನಿಗೆ ಬಂದ ಮಾತು ನಿಜವೋ ಸುಳ್ಳೋ ಎಂದು ಗೊತ್ತಾಗದಿದ್ದರೆ ನಾಚಿಕೆಪಡಬೇಡಿ. ಗೊತ್ತಿಲ್ಲ ಎನ್ನಿ. ಕಳಿಸಿದವರು ನಮ್ಮವರೇ ಇರಬಹುದು, ಮಾತು ನಮ್ಮ ಬಾಲ್ಯದಷ್ಟೇ ಸಿಹಿ ಇರಬಹುದು. ಆದರೂ ಕಂಡವರು ಯಾರು ಎಂದು ಒಂದು ಫೋನು ಮಾಡಿ ಕೇಳಿ. ಕೇಳಿದ್ದನ್ನು ಕೇಳಿದ್ದು ಎಂದೇ ಹೇಳಿ.

ತಪ್ಪು ಮಾತನ್ನು ಈಗಾಗಲೇ ನಾಲ್ಕು ಜನರಿಗೆ ಕಳಿಸಿಬಿಟ್ಟಿದ್ದೀರಾ? ಆ ನಾಲ್ಕು ಜನಕ್ಕೂ ತಪ್ಪಾಯಿತು ಎಂದು ಹೇಳಿ. ಐವತ್ತು ವರ್ಷ ಕಾಯಬೇಡಿ. ಇವತ್ತೇ ಹೇಳಿ.